ಹೆಪ್ಪಿನಲ್ಲಿ ನಲವತ್ತೊಂದು ಹೆಸರು

ಇಂದುಮತಿ ಹೊಸಮನಿ ಗಡಿಗೆಯ ಮುಚ್ಚಳ ತೆಗೆದು, ಮೇಲಿನ ಕೆನೆಯನ್ನು ಪಕ್ಕಕ್ಕೆ ಸರಿಸಿ, ಒಳಗಿನಿಂದ ಅರ್ಧ ಚಮಚ ಮೊಸರು ತೆಗೆದುಕೊಂಡಳು. ಅದನ್ನು ಬೆರಳುದ್ದದ ಗಾಜಿನ ನಳಿಗೆಗೆ ಹಾಕಿ, ಎರಡು ಹನಿ ಔಷಧಿ ಬೆರೆಸಿ ಅಲ್ಲಾಡಿಸಿ, ಊಟದ ಡಬ್ಬಿಯಷ್ಟೇ ದೊಡ್ಡದಿದ್ದ ಯಂತ್ರದ ಬಾಯಿಗಿಟ್ಟಳು. ಯಂತ್ರ ಸಣ್ಣಗೆ ಗುಂಯ್‌ಗುಟ್ಟತೊಡಗಿತು.

"ಎಷ್ಟೊತ್ತು ಹಿಡೀತದ?" ಎಂದು ಹುಲಿಗೆಮ್ಮ ಕೇಳಿದಳು. ಗಡಿಗೆ ಅವಳ ಮನೆಯದೇ. ತಲೆಯ ಮೇಲೆ ಹೊತ್ತುಕೊಂಡು ಬಂದಿದ್ದಳು.

"ಮುಕ್ಕಾಲು ತಾಸು."

"ಅಷ್ಟೊತ್ತಿನ್ಯಾಗ ಇಪ್ಪತ್ತು ರೊಟ್ಟಿ ಬಡದು ಬರತಿದ್ದೆ ನಾ."

ಮುಕ್ಕಾಲು ತಾಸಿನ ನಂತರ ಎದುರಿನ ಗೋಡೆಯ ಮೇಲೆ ಅಕ್ಷರಗಳು ಮೂಡಿದವು. ಮೊದಲು ತಾರೀಕು, ಆಮೇಲೆ ಗುಂಡಿಯ ಸಂಖ್ಯೆ, ಆಮೇಲೆ ಹೆಸರು. ಸಾಲಿನ ಮೇಲೆ ಸಾಲು. ಹುಲಿಗೆಮ್ಮ ಬೆರಳಿಟ್ಟು ಓದುತ್ತ ಹೋದವಳು ಒಂದು ಕಡೆ ನಿಂತಳು. 'ದ್ಯಾವಪ್ಪ ತಂದೆ ಹನುಮಂತ. ಮೂರನೇ ಗುಂಡಿ. ಇಳಿದದ್ದು ಒಂಬತ್ತು ನಲವತ್ತಕ್ಕೆ. ಮೇಲೆ ಬಂದದ್ದು: ಇಲ್ಲ.' ದ್ಯಾವಪ್ಪ ಅವಳ ಗಂಡ.

ಅವಳು ಗೋಡೆಯನ್ನೊಮ್ಮೆ, ಗಡಿಗೆಯನ್ನೊಮ್ಮೆ ನೋಡಿದಳು. "ಇಂದವ್ವ, ನಿನ್ನೆ ಇದ್ರಾಗಿಂದ ಮಜ್ಜಿಗಿ ಮಾಡಿ ಕುಡದೀನಲ್ಲಬೇ. ಹಂಗಾರ ನಾ ನನ್ನ ಗಂಡನ್ನ ಕುಡದೆ?"

"ಕುಡದ್ರೂ ಏನಾಗಂಗಿಲ್ಲ ಯಕ್ಕಾ."

"ಬದುಕಿದ್ದಾಗ ಅವನ ಕುಡಿಯೋದು ನನ್ನ ಕುಡದಿತ್ತು. ಲೆಕ್ಕ ಸರಿ ಹೋತು ಬಿಡು."

ಇದು ೨೦೬೧ನೆಯ ಇಸವಿ. ರಾಯಚೂರಿನಿಂದ ಮೂವತ್ತು ಕಿಲೋಮೀಟರು ಆಚೆ, ಕೃಷ್ಣೆಯ ದಂಡೆಯ ಮಾಲಗಡ್ಡಿಯಲ್ಲಿ, ಮುಚ್ಚಿಹೋಗಿದ್ದ ಹಾಲು ತಂಪು ಮಾಡುವ ಕೇಂದ್ರವನ್ನೇ ಇಂದುಮತಿ ಪ್ರಯೋಗಾಲಯ ಮಾಡಿಕೊಂಡಿದ್ದಳು. ಅವಳು ಅದೇ ಊರಿನ ಕೇರಿಯಲ್ಲಿ ಹುಟ್ಟಿದವಳು. ಓದಿ ಜೀವಾಣು ವಿಜ್ಞಾನಿಯಾಗಿ, ದೊಡ್ಡ ಸಂಸ್ಥೆಯೊಂದರಲ್ಲಿ ಹತ್ತು ವರ್ಷ ದುಡಿದು ತಿರುಗಿ ಬಂದಿದ್ದಳು. ಅವಳು ಕಂಡುಹಿಡಿದದ್ದು ಹೇಳಲು ಸರಳ. ಹಾಲನ್ನು ಮೊಸರು ಮಾಡುವ ಜೀವಾಣುವಿನ ಒಳಗೆ ಅದರ ಹುಟ್ಟುಗುಣವನ್ನು ಬರೆದಿಟ್ಟ ಒಂದು ಉದ್ದನೆಯ ಎಳೆ ಇರುತ್ತದೆ, ಅದೇ ಡಿಎನ್‌ಎ. ಆ ಬರಹಕ್ಕೆ ನಾಲ್ಕೇ ಅಕ್ಷರ. ನಮ್ಮ ಹೆಸರು, ತಾರೀಕು, ಹೇಳಿಕೆಗಳನ್ನು ಆ ನಾಲ್ಕು ಅಕ್ಷರಗಳಿಗೆ ಇಳಿಸಿ, ಜೀವಾಣುವಿಗೆ ಬೇಕಿಲ್ಲದ ಜಾಗದಲ್ಲಿ ಸೇರಿಸಿದರೆ ಅದು ಅದನ್ನೂ ತನ್ನದೇ ಎಂದುಕೊಳ್ಳುತ್ತದೆ. ಒಂದು ಎರಡಾಗುವಾಗ, ಎರಡು ನಾಲ್ಕಾಗುವಾಗ ಅದನ್ನೂ ನಕಲು ಮಾಡುತ್ತದೆ. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಬೆಳಗಾಗುವುದರೊಳಗೆ ಕೋಟಿ ಕೋಟಿ ಪ್ರತಿ. ವಿದ್ಯುತ್ತು ಬೇಡ, ದೂರದ ಯಾವನದೋ ಕಂಪ್ಯೂಟರ್ ಭಂಡಾರಕ್ಕೆ ಬಾಡಿಗೆ ಬೇಡ. ಮನೆಯಲ್ಲಿ ಹಾಲಿದ್ದರೆ ಸಾಕು.

ಅಂಥದೊಂದು ಹುಲಿಗೆಮ್ಮನ ಸಂಘಕ್ಕೆ ಅನ್ನದಷ್ಟೇ ಬೇಕಾಗಿತ್ತು. ಗುಂಡಿ ಕೆಲಸಗಾರರ ಸಂಘ ಎಂದು ಅದರ ಹೆಸರು. ಊರ ಪಕ್ಕದ ರಾಸಾಯನಿಕ ಕಾರ್ಖಾನೆಯ ತ್ಯಾಜ್ಯದ ಗುಂಡಿಗಳಿಗೆ ಮನುಷ್ಯರನ್ನು ಇಳಿಸುವುದು ಅರವತ್ತು ವರ್ಷದಿಂದ ಕಾನೂನಿಗೆ ವಿರುದ್ಧ, ಅರವತ್ತು ವರ್ಷದಿಂದ ನಡೆದೇ ಇತ್ತು. ಯಾರು ಯಾವಾಗ ಇಳಿದರು, ಯಾರು ಇಳಿಸಿದರು, ಯಾರು ಮೇಲೆ ಬರಲಿಲ್ಲ ಎಂಬುದನ್ನು ಬರೆದಿಡುತ್ತಿದ್ದದ್ದು ಈ ಸಂಘ ಒಂದೇ. ಹಿಟ್ಟಿನ ಗಿರಣಿಯ ಹಿಂದಿನ ಎರಡು ಕೋಣೆ, ಒಂದು ಕಂಪ್ಯೂಟರು, ಇಪ್ಪತ್ಮೂರು ವರ್ಷದ ಬರಹ. ಮೊದಲ ಪುಸ್ತಕಗಳನ್ನು ಗೆದ್ದಲು ತಿಂದಿತ್ತು. ಆಮೇಲಿನ ಎಂಟು ವರ್ಷದ್ದನ್ನು ಬಂದೇನವಾಜ್ ಎಂಬ ಕಾರ್ಯದರ್ಶಿ ಜತನದಿಂದ ಪಾಸ್‌ವರ್ಡ್ ಹಾಕಿ ಇಟ್ಟಿದ್ದ. ಒಂದು ಮುಂಜಾನೆ ಎದೆನೋವು ಬಂದು ಅವನು ಸತ್ತ. ಪಾಸ್‌ವರ್ಡು ಅವನ ಜೊತೆಗೇ ಮಣ್ಣಿಗೆ ಹೋಯಿತು. ಆ ಎಂಟು ವರ್ಷ ಇಂದಿಗೂ ತೆರೆದಿಲ್ಲ.

ಆದ್ದರಿಂದಲೇ ಮೊಸರಿಗೂ ಬೀಗ ಬೇಕು ಎಂದು ಇಂದುಮತಿ ಹೇಳಿದಾಗ ಸಂಘದ ಹನ್ನೆರಡು ಹೆಂಗಸರ ಸಭೆ ಒಪ್ಪಲಿಲ್ಲ. "ಸತ್ತವರ ಹೆಸರಿಗೆ ಮತ್ತೊಬ್ಬ ಸತ್ತವನ ಬೀಗ ಬ್ಯಾಡ," ಎಂದು ಹುಲಿಗೆಮ್ಮ ಎದ್ದು ನಿಂತು ಹೇಳಿದ್ದಳು. ಎಲ್ಲರೂ ಕೈ ಎತ್ತಿದ್ದರು. ಬೀಗವಿಲ್ಲದೆಯೇ ಬರೆದದ್ದಾಯಿತು. ಆ ಹನ್ನೆರಡು ಹೆಂಗಸರ ಮನೆಗೆ ಹೆಪ್ಪು ಕೊಟ್ಟದ್ದಾಯಿತು. ಗುಟ್ಟು ಹನ್ನೆರಡು ಜನರಲ್ಲೇ ಇರಬೇಕು, ಹೆಪ್ಪು ಹೊರಗೆ ಹೋಗಬಾರದು ಎಂದು ಇಂದುಮತಿ ಮೂರು ಸಲ ಹೇಳಿದಳು. ಹೆಂಗಸರು ಮೂರು ಸಲ ಹೂಂ ಅಂದರು.

ಮೊಸರಿಗೆ ಇಳಿಸಿದ ಆ ಕಡತದಲ್ಲಿ ಸತ್ತವರ ಹೆಸರಷ್ಟೇ ಇರಲಿಲ್ಲ. ಕಣ್ಣಾರೆ ಕಂಡು ಹೇಳಿಕೆ ಕೊಟ್ಟವರ ಹೆಸರೂ ಇದ್ದವು. ನಲವತ್ತೊಂದು ಜನ. ಅವರ ಪೈಕಿ ಇನ್ನೂ ಕಾರ್ಖಾನೆಯ ಗೇಟಿನ ಒಳಗೆ ದುಡಿಯುತ್ತಿದ್ದವನು ಒಬ್ಬನೇ: ಮೌನೇಶ, ಹುಲಿಗೆಮ್ಮನ ತಮ್ಮ. ದ್ಯಾವಪ್ಪ ಸತ್ತ ದಿನ ಗುಂಡಿಗೆ ಗಾಳಿ ಊದುವ ಯಂತ್ರದ ಬಳಿ ನಿಂತಿದ್ದವನು ಅವನು. 'ಕರೆಂಟು ದಂಡ ಮಾಡಬ್ಯಾಡ, ಆರಿಸು' ಎಂದು ಮೇಲಿನವನೊಬ್ಬ ಹೇಳಿದ್ದನ್ನು, ಕೆಳಗೆ ದ್ಯಾವಪ್ಪನ ದನಿ ನಿಂತದ್ದನ್ನು ಕೇಳಿದವನು ಅವನು. ಆಮೇಲೆ ಕೈಕಾಲು ಹಿಡಿದು ಗುಂಡಿಯ ಕೆಲಸ ಬಿಟ್ಟು ಕ್ಯಾಂಟೀನಿಗೆ ಸೇರಿಕೊಂಡಿದ್ದ. ಹೇಳಿಕೆ ಕೊಟ್ಟ ಇಬ್ಬರು ಹಿಂದೆ ಲಾರಿಗೆ ಸಿಕ್ಕು ಸತ್ತಿದ್ದರು. ಎರಡು ಬೇರೆ ಬೇರೆ ವರ್ಷ, ಎರಡು ಬೇರೆ ಬೇರೆ ಲಾರಿ, ಒಂದೇ ತಿರುವು. ಆದ್ದರಿಂದ ಹೆಸರು ಹಾಗಿರಲಿ, ಸಾಕ್ಷಿಗಳು ಎಷ್ಟು ಜನ ಎಂಬ ಸಂಖ್ಯೆಯನ್ನೂ ಸಂಘ ಎಲ್ಲೂ ಬಾಯಿಬಿಟ್ಟಿರಲಿಲ್ಲ. ಕಾರ್ಮಿಕ ನ್ಯಾಯಮಂಡಳಿಗೆ ಹಾಕಿದ ಅರ್ಜಿಯಲ್ಲೂ 'ಕೆಲವರು' ಎಂದಷ್ಟೇ ಬರೆದಿತ್ತು.

ಎರಡು ವರ್ಷ ಹಾಗೇ ಹೋಯಿತು. ವಿಚಾರಣೆಗೆ ಹತ್ತು ದಿನ ಇದ್ದಾಗ, ಒಂದು ಸೋಮವಾರ, ಕಾರ್ಖಾನೆಯ ಗುಟ್ಟು ಕದ್ದಿದ್ದಾರೆಂಬ ದೂರಿನ ಮೇಲೆ ಪೊಲೀಸರು ಬಂದು ಸಂಘದ ಕಂಪ್ಯೂಟರನ್ನೂ, ಕಪಾಟನ್ನೂ, ಗೋಡೆಯ ಮೇಲಿದ್ದ ಕಾಗದಗಳನ್ನೂ ಹೊತ್ತುಕೊಂಡು ಹೋದರು. ಅದೇ ಮಧ್ಯಾಹ್ನ, ಸಂಘ ತನ್ನ ಬರಹದ ಪ್ರತಿ ಇಟ್ಟಿದ್ದ ದೂರದ ಭಂಡಾರದಿಂದ ಒಂದು ಸಾಲಿನ ಸಂದೇಶ ಬಂತು: 'ನಿಮ್ಮ ಖಾತೆ ನಮ್ಮ ನಿಯಮಗಳಿಗೆ ಹೊಂದದ ಕಾರಣ ಅಳಿಸಲಾಗಿದೆ.' ಹುಲಿಗೆಮ್ಮ ಹೆದರಲಿಲ್ಲ. "ಒಯ್ಯಲಿ ಬಿಡು. ಗಡಿಗಿ ಅದಾವ," ಅಂದಳು.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಬಿಳಿ ಅಂಗಿ ಹಾಕಿದ ಆರು ಜನ ಕೇರಿಗೆ ಬಂದರು. ಕೆಟ್ಟ ಹಾಲಿನಿಂದ ರೋಗ ಹಬ್ಬಿದೆ, ಪರೀಕ್ಷೆ ಮಾಡಬೇಕು ಅಂದರು. ಯಾವ ಇಲಾಖೆಯವರೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರು ಮನೆಯಿಂದ ಮನೆಗೆ ಸಾಲಾಗಿ ಹೋಗಲಿಲ್ಲ. ಮೊದಲು ಕೇರಿಯ ತುದಿಯ ಮಾರೆಮ್ಮನ ಮನೆ, ಅಲ್ಲಿಂದ ತಿರುಗಿ ಬಾವಿಯ ಹತ್ತಿರದ ಈರಮ್ಮನ ಮನೆ, ಮತ್ತೆ ಆ ತುದಿ, ಮತ್ತೆ ಈ ತುದಿ. ನಡುವಿನ ಮನೆಗಳ ಕಡೆ ಕತ್ತು ಕೂಡ ತಿರುಗಿಸಲಿಲ್ಲ. ಹನ್ನೆರಡೇ ಮನೆ. ಗಡಿಗೆಗಳನ್ನು ತಮ್ಮ ಗಾಡಿಯ ಬಳಿ ಇಟ್ಟುಕೊಂಡು ಬಹಳ ಹೊತ್ತು ಏನೋ ಮಾಡಿ, ಆಮೇಲೆ ಒಂದೊಂದಾಗಿ ಮೋರಿಗೆ ಸುರುವಿ, ಮೇಲೆ ಬಿಳುಪು ಪುಡಿ ಎರಚಿ, ಗಡಿಗೆ ಒಡೆದು ಹೋದರು.

ಇಂದುಮತಿ ಓಡಿ ಬಂದಾಗ ಮೋರಿ ಬೆಳ್ಳಗಿತ್ತು. ಹೆಂಗಸರು ಬಾಗಿಲಲ್ಲಿ ನಿಂತಿದ್ದರು. ಯಾರೂ ಅಳುತ್ತಿರಲಿಲ್ಲ.

"ಯಾವ ಮನೀಗೆ ಮೊದಲು ಹೋದ್ರು?"

"ಮಾರೆಮ್ಮನ ಮನೀಗೆ. ಆಮ್ಯಾಲ ಈರಮ್ಮ, ಆಮ್ಯಾಲ ನಾ," ಅಂದಳು ಹುಲಿಗೆಮ್ಮ.

ಆ ಕ್ರಮ ಇಂದುಮತಿಗೆ ಗೊತ್ತಿತ್ತು, ಬರೆದವಳು ಅವಳೇ. ಸಂಘಕ್ಕೆ ನೆರವು ಕೊಡುವವರ ಒಂದು ನಿಯಮವಿತ್ತು: ಆಪತ್ತು ಬಂದಾಗ ದಾಖಲೆಯನ್ನು ಎಲ್ಲಿಂದ ಮರಳಿ ಪಡೆಯಬೇಕು ಎಂಬ ಯೋಜನೆಯನ್ನು ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕು. ಅವಳು ಅಂಟಿಸಿದ್ದಳು. ನಿಧಾನವಾಗಿ ಓದುವ ಹೆಂಗಸರಿಗೂ ತಿಳಿಯಲೆಂದು ದಪ್ಪ ಅಕ್ಷರದಲ್ಲಿ 'ಹೆಪ್ಪು' ಎಂಬ ತಲೆಬರಹ, ಅದರ ಕೆಳಗೆ ಹನ್ನೆರಡು ಹೆಸರು. ಸೋಮವಾರ ಹೊತ್ತುಕೊಂಡು ಹೋದ ಕಾಗದಗಳಲ್ಲಿ ಅದೂ ಹೋಗಿತ್ತು. ಉಳಿಸಿಕೊಳ್ಳಲು ಬರೆದ ಪಟ್ಟಿಯನ್ನು ಹಿಡಿದುಕೊಂಡೇ ಅವರು ಅಳಿಸಲು ಬಂದಿದ್ದರು.

"ಒಂದೂ ಉಳದಿಲ್ಲೇನು ಯಕ್ಕಾ?"

ಹುಲಿಗೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಉಳಿದ ಹೆಂಗಸರು ನೆಲ ನೋಡಿದರು.

"ಬೈತೀ ನೀ."

"ಏನು?"

"ನೀ ಹೇಳಿದಂಗ ನಾವು ನಡದಿಲ್ಲಬೇ. ಪಕ್ಕದ ಮನಿ ಸಾಬವ್ವ ಬಟ್ಟಲ ಹಿಡಕೊಂಡು ಬಾಗಲಕ್ಕ ಬಂದು 'ಯಕ್ಕಾ ಸ್ವಲ್ಪ ಹೆಪ್ಪು ಕೊಡು' ಅಂತಾಳ. ಇಲ್ಲ ಅನ್ನಾಕ ಬರತೈತೇನು? ಹಾಲು ಇಲ್ಲ ಅನ್ನಬಹುದು, ರೊಕ್ಕ ಇಲ್ಲ ಅನ್ನಬಹುದು. ಹೆಪ್ಪು ಇಲ್ಲ ಅಂದ್ರ ಆ ಮನೀ ಜೋಡಿ ಮಾತು ಬಿಟ್ಟಂಗ."

"ನೀವೆಲ್ಲಾರೂ?"

"ಎಲ್ಲಾರೂ," ಅಂದಳು ಮಾರೆಮ್ಮ. "ನಾ ಏಳು ಮನೀಗೆ ಕೊಟ್ಟೀನಿ. ಹುಲಿಗಿ ಹದಿಮೂರು. ಆಕಿ ಕೈ ದೊಡ್ಡದು."

ಇಂದುಮತಿಗೆ ಬೈಯುವುದೋ ಅಪ್ಪಿಕೊಳ್ಳುವುದೋ ತಿಳಿಯಲಿಲ್ಲ. ಆ ದಿನವೇ ಅವಳು ಕಾಗದದ ಪಟ್ಟಿಗಳನ್ನು ಹಿಡಿದು ಮನೆ ಮನೆ ತಿರುಗಿದಳು. ಕಡತ ಇರುವ ಮೊಸರಿಗೆ ಮುಟ್ಟಿಸಿದರೆ ಪಟ್ಟಿ ನೀಲಿಯಾಗುತ್ತಿತ್ತು. ನೂರರವತ್ತು ಮನೆಯ ಕೇರಿಯಲ್ಲಿ ತೊಂಬತ್ನಾಲ್ಕು ಮನೆ ನೀಲಿ. ಬೇರೆ ಬೇರೆ ಕೈ, ಬೇರೆ ಬೇರೆ ಹಾಲು, ಒಳಗೆ ಅದೇ ಕಡತ, ಅಕ್ಷರಕ್ಕಕ್ಷರ. ಪ್ರಯೋಗಾಲಯದಲ್ಲಿ ಅವಳು ಎತ್ತಿಟ್ಟಿದ್ದ ಒಂದೇ ಹೆಪ್ಪಿನ ಪ್ರತಿಯನ್ನು ನ್ಯಾಯಮಂಡಳಿ ನಂಬಲಾರದು, ನೀನೇ ಕೂತು ಬರೆದದ್ದು ಅನ್ನುತ್ತದೆ. ತೊಂಬತ್ನಾಲ್ಕು ಅಡುಗೆಮನೆಗಳನ್ನು ಹಾಗನ್ನಲು ಬರುವುದಿಲ್ಲ. ವಿಚಾರಣೆಯ ದಿನ ಮಂಡಳಿಯ ಅಧಿಕಾರಿಯೇ ಬಂದು ತನಗೆ ಬೇಕಾದ ಮನೆಯಿಂದ ಚಮಚ ತುಂಬಿಕೊಂಡು ಹೋಗಲಿ.

ಆದರೆ ಎಲ್ಲಿಯವರೆಗೆ ಹೋಗಿದೆ ಇದು? ಬೀಗವಿಲ್ಲದ ನಲವತ್ತೊಂದು ಹೆಸರು. ಮಾರನೆಯ ದಿನ ಹಾಲಿನ ಉಚಿತ ಪರೀಕ್ಷೆ ಎಂದು ಹೇಳಿಕೊಂಡು ಹೆದ್ದಾರಿ ದಾಟಿ ಊರೊಳಗೆ ಹೋದಳು. ನಲವತ್ತು ಮನೆ ನೋಡಿದಳು. ಒಂದು ಪಟ್ಟಿಯೂ ಬಣ್ಣ ಬದಲಿಸಲಿಲ್ಲ.

ಅದನ್ನು ಕೇಳಿ ಹುಲಿಗೆಮ್ಮ ನಕ್ಕಳು. "ಎಷ್ಟು ಓದಿದ್ರೂ ಹುಚ್ಚಿ ನೀ. ನಮ್ಮ ಕೈಯಾಗಿನ ನೀರು ಮುಟ್ಟದೋರು ನಮ್ಮ ಹೆಪ್ಪು ಮುಟ್ಟತಾರೇನು? ರಸ್ತೆ ಆ ಕಡೆ ದಾಟಾಕ ನಮ್ಮ ಮೊಸರಿಗೂ ಪರವಾನಗಿ ಇಲ್ಲ."

ಇಂದುಮತಿಗೆ ಎದೆಯ ಭಾರ ಇಳಿದಂತಾಯಿತು. ಮರುಕ್ಷಣವೇ ಆ ಹಗುರಕ್ಕೆ ನಾಚಿಕೆಯಾಯಿತು. ಅವಳಜ್ಜಿಯನ್ನು ಹೊಟೇಲಿನ ಹೊರಗೆ ನಿಲ್ಲಿಸಿದ್ದ ಅದೇ ಗೆರೆ ಈಗ ಈ ಹೆಸರುಗಳಿಗೆ ಕಾವಲು ನಿಂತಿತ್ತು. ಅಂಥ ಕಾವಲಿಗೆ ಸಮಾಧಾನಪಟ್ಟುಕೊಳ್ಳುವ ಸ್ಥಿತಿಗೆ ತಂದಿಟ್ಟವರ ಮೇಲೆ ಅವಳಿಗೆ ಸಿಟ್ಟು ಬಂತು, ಜೊತೆಗೆ ತನ್ನ ಮೇಲೂ.

ಆ ಸಂಜೆ ಪಾಳಿ ಮುಗಿಸಿ ಮೌನೇಶ ಅಕ್ಕನ ಮನೆಗೆ ಬಂದ. ಇಂದುಮತಿ ಅಲ್ಲೇ ಕೂತಿದ್ದಳು. ಅವನಿಗೆ ಮೊಸರಿನ ಗುಟ್ಟು ಗೊತ್ತಿರಲಿಲ್ಲ. ಹನ್ನೆರಡು ಹೆಂಗಸರನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ತನ್ನ ಹೇಳಿಕೆ ಎಲ್ಲೋ ಭದ್ರವಾಗಿದೆ ಎಂದಷ್ಟೇ ಅವನು ತಿಳಿದಿದ್ದ.

"ಯಕ್ಕಾ, ನಿನ್ನ ಗಡಿಗಿ ಒಡದ್ರಂತ?" ಎಂದು ಅವನು ಸಮಾಧಾನ ಮಾಡುವ ದನಿಯಲ್ಲಿ ಅಂದ. "ಅಳಬ್ಯಾಡ. ಅವ್ವನ ಕಾಲದಿಂದ ಬಂದ ಹೆಪ್ಪು ಅಂತ ಜೀವ ಬಿಡತಿದ್ದಿ. ಹೋಗಿಲ್ಲ ಅದು. ನಮ್ಮ ಕ್ಯಾಂಟೀನ್ಯಾಗ ಐತಿ. ನಾಳಿ ಡಬ್ಬ್ಯಾಗ ತಂದುಕೊಡತೀನಿ."

ಹುಲಿಗೆಮ್ಮ ತಮ್ಮನ ಮುಖವನ್ನೇ ನೋಡಿದಳು. "ಎಲ್ಲೈತಿ ಅಂದಿ?"

"ಕ್ಯಾಂಟೀನ್ಯಾಗ. ಹೋದ ಉಗಾದಿಗೆ ನಿನ್ನ ಹತ್ರ ಹೆಪ್ಪು ಇಸಗೊಂಡು ಹೋಗಿದ್ನೆಲ್ಲ? ಅಲ್ಲಿ ಮೊಸರು ಹಳಸಿ ನಾರತಿತ್ತು, ಯಾರರ ಒಳ್ಳೆ ಹೆಪ್ಪು ತರ್ರಿ ಅಂದ್ರು. ಒಯ್ದು ಹಾಕಿದೆ. ಈಗ ಒಂಬೈನೂರು ಮಂದಿ ಉಣ್ಣತಾರ. ಮ್ಯಾನೇಜರನ ಅವ್ವಗ ಬಾಳ ರುಚಿ ಹತ್ತೇತಿ. ಅವರ ಕಾಲೋನಿಗೂ ಅದೇ ಹೋಗತದ. ಯಾರ ಮನೀದು ಅಂತ ನಾ ಹೇಳಿಲ್ಲ ಮತ್ತ," ಎಂದು ಅವನು ಕಣ್ಣು ಮಿಟುಕಿಸಿ ನಕ್ಕ.

ಯಾರೂ ನಗದಿದ್ದದ್ದು ನೋಡಿ ಅವನ ನಗು ನಿಂತಿತು.

ಹೇಳಬೇಕಾಯಿತು. ಇಂದುಮತಿಯೇ ಹೇಳಿದಳು, ತಡವರಿಸುತ್ತ. ಎಲ್ಲ ಕೇಳಿ ಮೌನೇಶ ಹಣೆ ಒರೆಸಿಕೊಂಡ.

"ನನ್ನ ಹೆಸರು ಐತೇನು ಅದ್ರಾಗ?"

"ಐತಿ."

"ನಾ ಹೇಳಿದ್ದು, ಯಾರು ಆರಿಸು ಅಂದ್ರು ಅನ್ನೋದು?"

"ಎಲ್ಲಾ ಐತಿ."

"ನಾನೇ ಒಯ್ದು ಹಾಕೀನಿ," ಎಂದು ಅವನು ಅಂಗೈ ನೋಡಿಕೊಂಡ. "ನನ್ನ ಕೈಲೆ, ಸ್ಟೀಲಿನ ಡಬ್ಬ್ಯಾಗ." ಆಮೇಲೆ ತಲೆ ಎತ್ತಿ, "ಪ್ರತಿ ತಿಂಗಳ ಕಡೇ ಶುಕ್ರವಾರ ಅಲ್ಲಿಯ ಲ್ಯಾಬಿನವರು ಕ್ಯಾಂಟೀನಿನ ಊಟ ತಪಾಸಣಿಗೆ ಒಯ್ಯತಾರ. ಅನ್ನ, ಸಾರು, ಮೊಸರು. ಅವರ ಹತ್ರ ಇಂಥಾ ಯಂತ್ರ ಇರತಾವೇನು?"

ಔಷಧಿಯ ಕಚ್ಚಾವಸ್ತು ಮಾಡುವ ಕಾರ್ಖಾನೆ. ಜೀವಾಣುವಿನ ಎಳೆಯನ್ನು ಓದುವ ಯಂತ್ರ ಅಲ್ಲಿ ಒಂದಲ್ಲ, ಹತ್ತು ಇದ್ದವು. ಇಷ್ಟು ದಿನ ಅವರು ಕೆಟ್ಟ ಜೀವಾಣುಗಳನ್ನಷ್ಟೇ ಹುಡುಕುತ್ತಿದ್ದರು, ಮೊಸರಿನದನ್ನು ಬಿಚ್ಚಿ ನೋಡಿರಲಿಲ್ಲ. ಈಗ ಗಡಿಗೆ ಒಡೆಯಲು ಬಂದವರಿಗೆ ಮೊಸರಿನಲ್ಲಿ ಏನೋ ಇದೆ ಎಂದು ಗೊತ್ತಿತ್ತು. ಈ ಶುಕ್ರವಾರ ಬಿಚ್ಚದೆ ಇರುತ್ತಾರೆಯೇ? ಕಡೇ ಶುಕ್ರವಾರ ಎಂದರೆ ಮಾರನೆಯ ದಿನವೇ. ವಿಚಾರಣೆ ಅದರ ಮುಂದಿನ ಗುರುವಾರ.

ಅಳಿಸುವ ದಾರಿ ಒಂದಿತ್ತು. ಜೀವಾಣುವನ್ನೇ ತಿನ್ನುವ ವೈರಾಣುಗಳಿರುತ್ತವೆ, ಹಾಲಿನ ಡೇರಿಗಳಿಗೆ ಅವುಗಳೆಂದರೆ ಯಮ. ಈ ಒಂದೇ ತಳಿಯನ್ನು ಕೊಲ್ಲುವ ವೈರಾಣುವನ್ನು ಇಂದುಮತಿ ಮೊದಲೇ ಬೆಳೆಸಿ ಒಂದು ಸೀಸೆಯಲ್ಲಿ ಇಟ್ಟಿದ್ದಳು. ಒಂದು ಹನಿ ಬಿದ್ದರೆ ಕೆಲವೇ ತಾಸಿನಲ್ಲಿ ಮೊಸರು ನೀರಾಗುತ್ತದೆ, ಒಳಗಿನ ಕಡತ ಓದಲು ಬಾರದಷ್ಟು ಚೂರಾಗುತ್ತದೆ. ಆದರೆ ಅದು ಕ್ಯಾಂಟೀನಿನಲ್ಲೇ ನಿಲ್ಲುವುದಿಲ್ಲ. ಒಂಬೈನೂರು ಜನರ ಕೈಗೆ, ಡಬ್ಬಿಗೆ, ಬಟ್ಟೆಗೆ ಅಂಟಿ ಕೇರಿಗೂ ಬರುತ್ತದೆ. ಮೂರು ದಿನದಲ್ಲಿ ತೊಂಬತ್ನಾಲ್ಕು ಗಡಿಗೆಯೂ ನೀರು.

"ಅಂದ್ರ ಕೇಸು ಹೋತು," ಅಂದಳು ಹುಲಿಗೆಮ್ಮ.

"ನನ್ನ ಹತ್ರ ಒಂದು ಪ್ರತಿ ಉಳೀತದ ಯಕ್ಕಾ. ಅದನ್ನ ಅವರು ನಂಬಂಗಿಲ್ಲ."

ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಹುಲಿಗೆಮ್ಮನಿಗೆ ಆ ಕಡತ ಎಂದರೆ ದ್ಯಾವಪ್ಪ ಬದುಕಿದ್ದ, ದ್ಯಾವಪ್ಪನನ್ನು ಕೊಂದರು ಎಂಬುದಕ್ಕೆ ಇದ್ದ ಒಂದೇ ಗುರುತು. ಹೆಣ ಕೂಡ ಅವಳಿಗೆ ಸಿಕ್ಕಿರಲಿಲ್ಲ. ಎದುರಿಗೆ ಕೂತಿದ್ದವನು ಅವಳು ಎತ್ತಿ ಆಡಿಸಿದ ತಮ್ಮ.

"ನೀ ಹೇಳಪಾ," ಅಂದಳು ಕೊನೆಗೆ. "ಒಳಗ ಹೋಗಾವ ನೀ."

"ನನಗ ಅಂಜಿಕಿ ಐತಿ ಯಕ್ಕಾ." ಅವನ ದನಿ ಮಗುವಿನದಾಗಿತ್ತು. "ದಿನಾ ಆ ತಿರುವಿನ್ಯಾಗ ಸೈಕಲ್ ಇಳದು ನಡಕೊಂಡು ಹೋಗತೀನಿ. ಹಿಂದ ಲಾರಿ ಸಪ್ಪಳಾದ್ರ ಹೊಲಕ್ಕ ಜಿಗೀತೀನಿ. ಮಾವಗ ನ್ಯಾಯ ಸಿಗಲಿ ಅಂತ ನನಗೂ ಐತಿ. ಆದ್ರ ನನ್ನ ಮಗಳಿಗೆ ಈಗ ನಾಕು ವರ್ಷ."

ಹುಲಿಗೆಮ್ಮ ಎದ್ದು ಇಂದುಮತಿಯ ಮುಂದೆ ಕೈ ಚಾಚಿದಳು. "ಸೀಸೆ ಕೊಡು."

ಶುಕ್ರವಾರ ಬೆಳಗಿನ ಪಾಳಿಗೆ ಮೌನೇಶ ಸೀಸೆಯನ್ನು ರೊಟ್ಟಿಯ ಗಂಟಿನಲ್ಲಿಟ್ಟುಕೊಂಡು ಗೇಟಿನೊಳಗೆ ಹೋದ. ಗೇಟಿನ ಎದುರು, ಬೇವಿನ ಮರದ ಕೆಳಗೆ, ಹುಲಿಗೆಮ್ಮ ಮತ್ತು ಇಂದುಮತಿ ಕೂತರು. ತಿಂಡಿಯ ಹೊತ್ತು ಕಳೆಯಿತು, ಊಟದ ಹೊತ್ತು ಕಳೆಯಿತು. ಬಿಳಿ ಅಂಗಿಯವರು ಇಬ್ಬರು ಗೇಟಿನಿಂದ ಹೊರಗೆ ಬಂದು ಬೀಡಿ ಸೇದಿ ಒಳಗೆ ಹೋದರು. ಅವರಲ್ಲೊಬ್ಬ ಇವರ ಕಡೆ ನೋಡಿದನೋ, ಮರದ ಕಡೆ ನೋಡಿದನೋ. ಪಾಳಿ ಬಿಡುವ ಕೂಗು ಆದ ಮೇಲೂ ಮೌನೇಶ ಕಾಣಲಿಲ್ಲ. ಜನ ಎಲ್ಲ ಹೋದರು. ಹುಲಿಗೆಮ್ಮ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂತಿದ್ದಳು. ಬಿಟ್ಟರೆ ಏನೋ ಆಗುತ್ತದೆ ಎನ್ನುವಂತೆ ಹಿಡಿದಿದ್ದಳು. ಕೊನೆಗೆ, ಎಲ್ಲರಿಗಿಂತ ಹಿಂದೆ, ಸೈಕಲ್ಲು ತಳ್ಳಿಕೊಂಡು ಅವನು ಬಂದ.

"ಹಾಕಿದೆ," ಎಂದ. "ಲ್ಯಾಬಿನವರು ಬರೂಕಿಂತ ಮೊದಲೇ. ಭಾಂಡೆ ತಿಕ್ಕಾಕ ತಡಾತು."

ಭಾನುವಾರದ ಹೊತ್ತಿಗೆ ಕೇರಿಯ ಆ ತೊಂಬತ್ನಾಲ್ಕು ಮನೆಗಳಲ್ಲಿ ಹಾಲು ಹೆಪ್ಪುಗಟ್ಟುವುದು ನಿಂತಿತು. ಬಿಸಿಲು ಜಾಸ್ತಿಯಾಗಿದೆ ಅಂದರು ಕೆಲವರು, ಎಮ್ಮೆಗೆ ದೃಷ್ಟಿಯಾಗಿದೆ ಅಂದರು ಕೆಲವರು. ಕೇರಿಯ ಹೆಂಗಸರು ಬಟ್ಟಲು ಹಿಡಿದು ಮನೆಯಿಂದ ಮನೆಗೆ ಹೋದರು, ಮೊದಲು ಕೊಟ್ಟವರಲ್ಲೂ ಕೊಡಲು ಇರಲಿಲ್ಲ. ಹುಲಿಗೆಮ್ಮ ತನ್ನ ಹೊಸ ಗಡಿಗೆಯೊಳಗಿನ ತಿಳಿನೀರನ್ನು ಹಿತ್ತಲಲ್ಲಿ ಚೆಲ್ಲಿ, ಅದು ಇಂಗುವವರೆಗೂ ನೋಡುತ್ತ ನಿಂತಳು.

ಗುರುವಾರ ನ್ಯಾಯಮಂಡಳಿಯಲ್ಲಿ ಸಂಘದ ಕಡೆ ಇದ್ದದ್ದು ಒಂದೇ ಪ್ರತಿ, ಅದರಲ್ಲೂ ಗುಂಡಿಗೆ ಇಳಿದವರ ಪಟ್ಟಿ ಮಾತ್ರ. ಸಾಕ್ಷಿಗಳ ಭಾಗವನ್ನು ಅವರು ಮುಂದಿಡಲೇ ಇಲ್ಲ. ಇಂದುಮತಿ ಎದ್ದು ಮೊಸರಿನ ವಿದ್ಯೆಯನ್ನು ವಿವರಿಸಿದಳು. ಹಿಂದಿನ ಬೆಂಚಿನಲ್ಲಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಮೌನೇಶ ಕೂತಿದ್ದ. ರಜೆ ಹಾಕಿ, ಯಾರಿಗೂ ಹೇಳದೆ ಬಂದಿದ್ದ. ಮಾವನ ಕೇಸು ಮುಗಿಯುವುದನ್ನು ಕಣ್ಣಾರೆ ನೋಡುವುದಷ್ಟೇ ತನ್ನಿಂದಾಗುವುದು ಎಂದುಕೊಂಡಿದ್ದ.

ಕಾರ್ಖಾನೆಯ ವಕೀಲರು ನಗುಮುಖದವರು. ನಿಧಾನವಾಗಿ ಎದ್ದರು. "ಮಾನ್ಯರೇ, ಈಗ ಮೊಸರನ್ನು ಸಾಕ್ಷಿಕಟ್ಟೆಗೆ ಕರೆಯಬೇಕೆ? ಊರಲ್ಲಿ ಒಂದು ಗಡಿಗೆಯಲ್ಲಾದರೂ ಇದು ಇದೆಯೆಂದು ತೋರಿಸಲಿ. ಇಲ್ಲ. ಪ್ರಯೋಗಾಲಯದಲ್ಲಿ ಕೂತು ಹೆಣೆದ ಕತೆ ಇದು. ಈ ಪಟ್ಟಿಯೂ ಕತೆ, ಆ ನಲವತ್ತೊಂದು ಜನರ ಹೇಳಿಕೆಗಳೂ ಕತೆ."

ಇಂದುಮತಿ ಮೊದಲು ಆ ಮಾತನ್ನು ದಾಟಿಹೋಗಲು ಬಿಟ್ಟಳು. ಆಮೇಲೆ ಅದು ತಿರುಗಿ ಬಂದು ಅವಳನ್ನು ಹಿಡಿಯಿತು. ನಲವತ್ತೊಂದು. ಆ ಸಂಖ್ಯೆ ಅರ್ಜಿಯಲ್ಲಿರಲಿಲ್ಲ. ಒಯ್ದ ಕಂಪ್ಯೂಟರಿನಲ್ಲಿ ಆ ಭಾಗವನ್ನು ಇಟ್ಟಿರಲಿಲ್ಲ, ಅಳಿಸಿದ ದೂರದ ಭಂಡಾರದಲ್ಲೂ ಇರಲಿಲ್ಲ. ಅದು ಇದ್ದದ್ದು ಮೊಸರಿನಲ್ಲಿ ಮಾತ್ರ. ಗಡಿಗೆ ಒಡೆದ ಆ ಬುಧವಾರ ಗಾಡಿಯ ಬಳಿ ಗಡಿಗೆಗಳನ್ನಿಟ್ಟುಕೊಂಡು ಅವರು ಬಹಳ ಹೊತ್ತು ಏನು ಮಾಡುತ್ತಿದ್ದರು ಎಂದು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸುರುವುವ ಮೊದಲೇ ಓದಿಕೊಂಡಿದ್ದರು. ಅವರಿಗೆ ಹೆಸರುಗಳು ಬೇಕಾಗಿರಲಿಲ್ಲ, ಅವು ಆಗಲೇ ಸಿಕ್ಕಿದ್ದವು. ಅವರಿಗೆ ಬೇಕಾಗಿದ್ದದ್ದು ಉಳಿದ ಗಡಿಗೆಗಳು ಇಲ್ಲವಾಗುವುದು. ಆ ಕೆಲಸವನ್ನು ಅವರ ಪರವಾಗಿ, ಅವರು ಒಂದು ಮಾತು ಹೇಳದೆಯೇ, ಕೇರಿಯ ಅಂಜಿಕೆ ಮಾಡಿಕೊಟ್ಟಿತ್ತು.

ಅವಳು ಹುಲಿಗೆಮ್ಮನ ಕಿವಿಯಲ್ಲಿ ಹೇಳಿದಳು. ಹುಲಿಗೆಮ್ಮ ತಿರುಗಿ ಹಿಂದಿನ ಬೆಂಚಿನ ಕಡೆ ನೋಡಿದಳು. ಹೇಳುವ ಅಗತ್ಯ ಇರಲಿಲ್ಲ. ಮೌನೇಶನಿಗೂ 'ನಲವತ್ತೊಂದು' ಕೇಳಿಸಿತ್ತು. ಅವನ ಕಣ್ಣುಗಳಷ್ಟೇ ಕಾಣುತ್ತಿದ್ದವು. ವಕೀಲರು ಕೂಡ ಆ ಕಡೆ ನೋಡುತ್ತಿದ್ದರು, ಅದೇ ನಗುಮುಖದಿಂದ. ಟವೆಲ್ಲಿನ ಒಳಗಿರುವುದು ಯಾರೆಂದು ತಿಳಿದವರ ನೋಟ ಅದು.

ಮೌನೇಶ ಎದ್ದು ನಿಂತ. ಟವೆಲ್ಲು ತೆಗೆದ.

"ಸಾಹೇಬ್ರ, ಆ ನಲವತ್ತೊಂದರಾಗ ನಾ ಒಬ್ಬಾವ."

ಕೋಣೆಯಲ್ಲಿ ಗದ್ದಲವಾಯಿತು. ವಕೀಲರು ಆಕ್ಷೇಪಿಸಿದರು. ಪೀಠದಲ್ಲಿದ್ದ ಅಧಿಕಾರಿ ಕೈ ಎತ್ತಿ ಸುಮ್ಮನಿರಿಸಿ, ಕಟ್ಟೆಗೆ ಬರಹೇಳಿದರು. "ಹೆಸರು?"

"ಮೌನೇಶ. ತಂದೆ ತಿಮ್ಮಪ್ಪ."

ಬರೆದುಕೊಳ್ಳುವ ಗುಮಾಸ್ತೆ ನಡುವಯಸ್ಸಿನ ಹೆಂಗಸು. ಬೆರಳು ಕೀಲಿಗಳ ಮೇಲಿಟ್ಟವಳು ತಡೆದು ಕೇಳಿದಳು: "ಇದು ದಾಖಲೆಗೆ ಹೋಗ್ತದೆ ಅಣ್ಣಾ. ಬಹಿರಂಗ ಇರ್ತದೆ. ಯಾರು ಬೇಕಾದರೂ ಓದಬಹುದು. ಬರೆಯಲೇನು?"

ಮೌನೇಶ ಅವಳನ್ನು ನೋಡಿದ. ಎರಡು ವರ್ಷ ಅವನ ಹೆಸರು ಹನ್ನೆರಡು ಗಡಿಗೆಯಲ್ಲಿ, ಆಮೇಲೆ ತೊಂಬತ್ನಾಲ್ಕರಲ್ಲಿ, ಆಮೇಲೆ ಒಂಬೈನೂರು ಜನರ ಊಟದಲ್ಲಿ ಸುತ್ತಿತ್ತು. ಬರೆದವರು ಅವನನ್ನು ಪ್ರೀತಿಸುವವರೇ, ಅವನಿಗಾಗಿಯೇ ಬರೆದವರು. ಆದರೂ ಎಲ್ಲಿಡಲಿ, ಯಾರಿಗೆ ಕೊಡಲಿ ಎಂದು ಕೇಳಿದವಳು ಇವಳೇ ಮೊದಲು.

"ಬರಕೋರಿ," ಎಂದ.

ಅವನು ಹೇಳಿದ್ದು ಹನ್ನೊಂದು ನಿಮಿಷ. ಪೀಠದ ಅಧಿಕಾರಿ ವಿಚಾರಣೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದರು. ತೀರ್ಪಿಲ್ಲ, ರಕ್ಷಣೆಯ ಆದೇಶವೂ ಇಲ್ಲ, ಅರ್ಜಿ ಹಾಕಿ ನೋಡೋಣ ಅಂದರು. ಮೆಟ್ಟಿಲು ಇಳಿಯುವಾಗ ಮೌನೇಶ ಅಕ್ಕನ ಕೈ ಹಿಡಿದುಕೊಂಡಿದ್ದ. "ನಾಳಿ ಎಂಟಕ್ಕ ಪಾಳಿ ಐತಿ ಯಕ್ಕಾ," ಅಂದ.

ಮುಂದಿನ ವಾರ ಇಂದುಮತಿ ಹೊಸ ಯೋಜನೆ ಬರೆಯಲು ಕೂತಳು. ಎಷ್ಟು ಪ್ರತಿ, ಎಲ್ಲೆಲ್ಲಿ, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಎಂಬುದೆಲ್ಲ ಅವಳಿಗೆ ಬಾಯಿಪಾಠವಿತ್ತು. ಮೊದಲ ಸಾಲಿನಲ್ಲೇ ಲೇಖನಿ ನಿಂತಿತು. ಕಡತ ಕಳೆದುಹೋದರೆ ಏನು ಮಾಡಬೇಕು ಎಂದು ಎಲ್ಲ ಯೋಜನೆಗಳೂ ಹೇಳುತ್ತವೆ. ಕಡತ ಉಳಿದು ಮನುಷ್ಯ ಕಳೆದುಹೋದರೆ ಏನು ಮಾಡಬೇಕು ಎಂದು ಯಾವುದೂ ಹೇಳಿರಲಿಲ್ಲ. ನಲವತ್ತೊಂದು ಜನರಲ್ಲಿ ಬದುಕಿದ್ದವರ ಮನೆಗಳಿಗೆ ಅವಳು ನಡೆದುಕೊಂಡು ಹೋದಳು, ಮಾಡಬೇಕಾಗಿದ್ದ ಕೆಲಸವನ್ನು ಎರಡು ವರ್ಷ ತಡವಾಗಿ ಮಾಡಲು. ಒಂಬತ್ತು ಜನ ಹೆಸರು ಅಳಿಸು ಅಂದರು. ಅವಳು ಅವರೆದುರಿಗೇ ಅಳಿಸಿದಳು. ಕಾರ್ಖಾನೆಯ ಬಳಿ ಇರುವ ಪ್ರತಿಯಿಂದ ಅಳಿಸಲು ಬರುವುದಿಲ್ಲ ಎಂಬುದನ್ನೂ ಹೇಳಿದಳು. ಉಳಿದವರಲ್ಲಿ ಹದಿನಾಲ್ಕು ಜನ ದಿನಾ ಬೆಳಿಗ್ಗೆ ಮೌನೇಶನ ಸೈಕಲ್ಲಿನ ಜೊತೆ ಆ ತಿರುವಿನವರೆಗೆ ನಡೆಯತೊಡಗಿದರು. ಲಾರಿಗಳು ಅವರ ಪಕ್ಕದಲ್ಲೇ ಹಾದುಹೋಗುತ್ತಿದ್ದವು, ಸ್ವಲ್ಪ ನಿಧಾನವಾಗಿ.

ಇದೆಲ್ಲ ನಡೆಯಲು ಇನ್ನೂ ಮೂರು ನಾಲ್ಕು ದಶಕ ಬಾಕಿ ಇದೆ. ಮೊಸರಿನಲ್ಲಿ ಬರೆಯುವ ವಿದ್ಯೆ ಊರಿನ ಗಡಿಗೆಗೆ ಇನ್ನೂ ಇಳಿದಿಲ್ಲ. ಇಂದು, ಯಾವುದೋ ಗಿರಣಿಯ ಹಿಂದಿನ ಕೋಣೆಯಲ್ಲಿ, ಒಬ್ಬ ಕೆಲಸಗಾರ ಕುರ್ಚಿಯ ತುದಿಯಲ್ಲಿ ಕೂತು ತಾನು ಕಂಡದ್ದನ್ನು ಹೇಳುತ್ತಿದ್ದಾನೆ. ಎದುರಿಗಿರುವವರು ಒಳ್ಳೆಯವರು, ಅವನ ಪರ ಇರುವವರು. ಹೆಸರು, ತಂದೆಯ ಹೆಸರು, ಫೋನ್ ಸಂಖ್ಯೆ ಕೇಳಿ ಕಂಪ್ಯೂಟರಿಗೆ ಒತ್ತಿಕೊಳ್ಳುತ್ತಿದ್ದಾರೆ. ಅದು ಎಲ್ಲಿಗೆ ಹೋಗುತ್ತದೆಂದು ಅವರಿಗೂ ಸರಿಯಾಗಿ ಗೊತ್ತಿಲ್ಲ. ಅವನು ಕೇಳುವುದೂ ಇಲ್ಲ. ಹೆಬ್ಬೆಟ್ಟು ಒತ್ತಿ, ಕೊಟ್ಟ ಚಹಾ ಕುಡಿದು, ಪಾಳಿಗೆ ಹೊತ್ತಾಯಿತೆಂದು ಎದ್ದು ಹೋಗುತ್ತಾನೆ.